ಒಂಟೆತ್ತಿನ ಗಾಡಿ

22 ಮ್ಯಾಚು, 2 ಗೆಲುವು, 1 ಟೈ, 19 ಸೋಲು. ಪ್ರೊ ಕಬಡ್ಡಿಯ 11ನೇ ಸೀಸನ್‌ನಲ್ಲಿ, ಅಂದರೆ 2024ರಲ್ಲಿ, ನಮ್ಮ ಬೆಂಗಳೂರು ಬುಲ್ಸ್ ಮನೆಗೆ ತಂದ ಮಾರ್ಕ್ಸ್ ಕಾರ್ಡು ಇದು. ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಸ್ಥಾನ. ಆ ಮೂರು ತಿಂಗಳು ನಮ್ಮ ವಾಟ್ಸಾಪ್ ಗ್ರೂಪಲ್ಲಿ ಬಂದ ಮೆಸೇಜುಗಳನ್ನೆಲ್ಲ ಬಟ್ಟಿ ಇಳಿಸಿದರೆ ಉಳಿಯೋದು ಒಂದೇ ಸಾಲು: "ರೈಡ್ ಮಾಡೋರೇ ಇಲ್ವಲ್ಲ ಮಗಾ!"

ಹಿಡಿಯೋರು ಇದ್ದರು. ಆ ಸೀಸನ್ನಿನಲ್ಲಿ ಹೆಚ್ಚು ಟ್ಯಾಕಲ್ ಅಂಕ ಗಳಿಸಿದವರ ಪಟ್ಟಿಯ ಮೇಲ್ಭಾಗದಲ್ಲೇ ನಮ್ಮ ನಿತಿನ್ ರಾವಲ್ ಹೆಸರಿತ್ತು. ಹೊಟ್ಟೆ ಉರಿದದ್ದು ರೈಡಿಂಗ್ ನೋಡಿ. ಹರಾಜಿನಲ್ಲಿ 70 ಲಕ್ಷ ಕೊಟ್ಟು ಪರ್ದೀಪ್ ನರ್ವಾಲ್‌ನನ್ನೇ ತಂದಿದ್ದರು. ಲೀಗ್ ಇತಿಹಾಸದಲ್ಲಿ ಅತಿ ಹೆಚ್ಚು ರೈಡ್ ಅಂಕಗಳ ಸರದಾರ. 2015ರಲ್ಲಿ ಅವನು ಮೊದಲು ತೊಟ್ಟದ್ದು ಬುಲ್ಸ್ ಜೆರ್ಸಿಯನ್ನೇ. ಹೋದ ಎತ್ತು ಕೊಟ್ಟಿಗೆಗೆ ವಾಪಸ್ ಬಂತು ಅಂತ ನಾವೆಲ್ಲ ಕುಣಿದೆವು. ಅಕ್ಟೋಬರ್ 18ರಂದು ಹೈದರಾಬಾದಿನಲ್ಲಿ ಮೊದಲ ಮ್ಯಾಚು, ತೆಲುಗು ಟೈಟನ್ಸ್ ಮೇಲೆ. 29-37ರಲ್ಲಿ ಸೋತೆವು. ನಮ್ಮನ್ನು ಸೋಲಿಸಿದ ಕ್ಯಾಪ್ಟನ್ ಯಾರು? ಪವನ್ ಸೆಹ್ರಾವತ್. ನಮಗೆ ಇರೋ ಒಂದೇ ಒಂದು ಕಪ್ಪು ಗೆದ್ದುಕೊಟ್ಟವನು.

ಎಲ್ಲರೂ ಬೈದದ್ದು ಪರ್ದೀಪ್‌ನ ವಯಸ್ಸನ್ನು, ಫಾರ್ಮನ್ನು. ನನಗೆ ಮಾತ್ರ ಇದು ಒಬ್ಬನ ತಪ್ಪು ಅನ್ನಿಸಲಿಲ್ಲ. ಈ ತಂಡದ ಹತ್ತು ವರ್ಷದ ಚರಿತ್ರೆಯೇ ಹೀಗಿದೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಅಂತೀವಿ: ಒಂದು ಸರ್ವರ್ ಬಿದ್ದರೆ ಇಡೀ ಸಿಸ್ಟಮ್ ಮಲಗುತ್ತೆ. ನಮ್ಮ ಚಿಕ್ಕಪ್ಪ ಅದನ್ನೇ ಒಂಟೆತ್ತಿನ ಗಾಡಿ ಅಂತಾರೆ. ಅವರ ಮಾತೇ ಹೆಚ್ಚು ಸರಿ.

ಚಿಕ್ಕಪ್ಪನ ಬಗ್ಗೆ ಎರಡು ಮಾತು ಹೇಳಲೇಬೇಕು. ಹೊಸಕೋಟೆ ತಾಲ್ಲೂಕಿನ ನಮ್ಮ ಊರಲ್ಲಿ ಜಾತ್ರೆಗೋ ರಾಜ್ಯೋತ್ಸವಕ್ಕೋ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಯುತ್ತಿತ್ತು. ಕೆರೆ ಪಕ್ಕದ ಬಯಲಿಗೆ ನೀರು ಚಿಮುಕಿಸಿ, ಸುಣ್ಣದಲ್ಲಿ ಗೆರೆ ಎಳೆದು, ನಾಲ್ಕು ಮೂಲೆಗೆ ಕಂಬ ನಿಲ್ಲಿಸಿ ಲೈಟು. ಬಹುಮಾನ ಕಪ್ಪು, ನಗದು, ಕೆಲವು ಸಲ ಟಗರು. ದುಡ್ಡಿರೋ ಊರಿನವರು ಹೊರಗಿಂದ ಒಬ್ಬ ಜೋರು ರೈಡರನ್ನು ಬಾಡಿಗೆಗೆ ಕರೆತರುತ್ತಿದ್ದರು. ಅವನು ವ್ಯಾನಿಂದ ಇಳಿದರೆ ಸಾಕು, ಹುಡುಗರೆಲ್ಲ ಸುತ್ತುಗಟ್ಟಿ ತೊಡೆ ನೋಡುತ್ತಿದ್ದರು.

ಚಿಕ್ಕಪ್ಪನ ಉಪಾಯ ಬಲು ಸರಳ. ಅವನನ್ನು ಒಂದು ಸಲ ಹಿಡೀರಿ, ಆಮೇಲೆ ಏನೂ ಮಾಡಬೇಡಿ. ಕಬಡ್ಡಿ ಗೊತ್ತಿಲ್ಲದವರಿಗೆ ಹೇಳ್ತೀನಿ: ಔಟಾದ ಆಟಗಾರ ಹೊರಗೆ ಕೂರಬೇಕು, ತನ್ನ ತಂಡ ಎದುರಾಳಿಯನ್ನು ಔಟ್ ಮಾಡಿದಾಗ ಮಾತ್ರ ಒಬ್ಬೊಬ್ಬರಾಗಿ ವಾಪಸ್ ಬರಬಹುದು. ಹಾಗಾಗಿ ಬಾಡಿಗೆ ಹುಲಿಯನ್ನು ಒಮ್ಮೆ ಹಿಡಿದು ಕೂರಿಸಿದ ಮೇಲೆ ನಮ್ಮವರು ಗೆರೆ ತುಳಿದು, ಸುಮ್ಮನೆ ಉಸಿರು ಬಿಟ್ಟು ವಾಪಸ್ ಬರೋರು. ಯಾರೂ ಔಟ್ ಆಗಲ್ಲ, ಹುಲಿ ಏಳಲ್ಲ. ದುಡ್ಡು ಕೊಟ್ಟು ಕರೆಸಿದವರ ಮುಖ ನೋಡಬೇಕಿತ್ತು!

ಪ್ರೊ ಕಬಡ್ಡಿಯಲ್ಲಿ ಹೀಗೆ ಕಾಲ ತಳ್ಳೋಕಾಗಲ್ಲ ಅಂತ ಡೂ ಆರ್ ಡೈ ನಿಯಮ ತಂದರು. ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವೇ ರೈಡರ್ ಔಟ್. ಇದರಿಂದ ಒಂಟೆತ್ತಿನ ಗಾಡಿಯ ಪಾಡು ಇನ್ನೂ ಕೆಟ್ಟಿತು. ಮುಖ್ಯ ರೈಡರ್ ಬೆಂಚಲ್ಲಿ ಕೂತಿದ್ದಾಗ ಮೂರನೇ ರೈಡಿಗೆ ಹೋಗಬೇಕಾದವನು ಎರಡನೇ ದರ್ಜೆಯ ರೈಡರ್. ಅವನು ಸಿಕ್ಕಿಬೀಳುತ್ತಾನೆ, ಎದುರಾಳಿಗೆ ಅಂಕ, ಜೊತೆಗೆ ಅವರಲ್ಲಿ ಒಬ್ಬನಿಗೆ ಮರುಜೀವ. ಇತ್ತ ನಮ್ಮ ಸ್ಟಾರು ಟವೆಲ್ಲು ಹೊದ್ದು ಕೂತೇ ಇರುತ್ತಾನೆ. ಆಲೌಟ್ ಆದರೆ ಮೇಲೆ ಇನ್ನೆರಡು ಅಂಕ. ಟೀವಿ ಮುಂದೆ ಕೂತು "ಯಾಕೋ ಆಗ್ತಿಲ್ಲ ಇವತ್ತು" ಅಂತ ನಾವು ಅನ್ನೋದರ ಹಿಂದೆ ಇರೋ ಲೆಕ್ಕ ಇಷ್ಟೇ.

ಈಗ ಚರಿತ್ರೆಗೆ ಬರೋಣ. 2014ರ ಜುಲೈನಲ್ಲಿ ಲೀಗ್ ಶುರುವಾದಾಗ ಬುಲ್ಸ್ ಹಾಗಿರಲಿಲ್ಲ. ಕ್ಯಾಪ್ಟನ್ ಮಂಜೀತ್ ಛಿಲ್ಲರ್ ರೈಡಿಗೂ ಸೈ, ಹಿಡಿಯೋಕೂ ಸೈ. ಜೊತೆಗೆ ಹಿಮಾಚಲದ ಅಜಯ್ ಠಾಕೂರ್. ಮೊದಲ ವರ್ಷ ಸೆಮಿಫೈನಲ್, 2015ರಲ್ಲಿ ಫೈನಲ್. ಅಲ್ಲಿ ಯು ಮುಂಬಾ ಎದುರು 30-36. ಆಮೇಲೆ ಮಂಜೀತೂ ಹೋದ, ಅಜಯೂ ಹೋದ, ಇಬ್ಬರೂ ಪುಣೇರಿ ಪಲ್ಟನ್ ಸೇರಿದರು. ಮೂರನೇ ಸೀಸನ್ನಿನ ಬಗ್ಗೆ ಹೇಳೋದೇ ಬೇಡ.

2017ರಲ್ಲಿ ರೋಹಿತ್ ಕುಮಾರ್ ಒಬ್ಬನೇ ನೊಗಕ್ಕೆ ಹೆಗಲು ಕೊಟ್ಟ. ಯು.ಪಿ. ಯೋಧಾ ಮೇಲೆ ಒಂದೇ ಪಂದ್ಯದಲ್ಲಿ 30 ರೈಡ್ ಅಂಕ ತಂದ. ಸೀಸನ್ ಪೂರ್ತಿ 231. ತಂಡ ಪ್ಲೇಆಫ್ ಮುಟ್ಟಲಿಲ್ಲ. ಆ ವರ್ಷ ನಮ್ಮ ತವರಿನ ಪಂದ್ಯಗಳು ನಡೆದದ್ದು ನಾಗಪುರದಲ್ಲಿ, ಮುಂದಿನ ವರ್ಷ ಪುಣೆಯಲ್ಲಿ. ತವರು ಅಂದರೆ ಏನು ಅಂತ ಕೇಳಬೇಡಿ.

ಆದರೆ ಆ ಮುಂದಿನ ವರ್ಷವೇ ನಮ್ಮ ವರ್ಷ. ಪವನ್ ಗುಜರಾತಿನಿಂದ ಬುಲ್ಸಿಗೆ ವಾಪಸ್ ಬಂದಿದ್ದ. 2019ರ ಜನವರಿ 5, ಮುಂಬೈ, ಫೈನಲ್. ಎದುರಾಳಿ ಅದೇ ಗುಜರಾತ್. ಮೊದಲರ್ಧದಲ್ಲಿ ಹಿಂದೆ ಇದ್ದೆವು. ಎರಡನೇ ಅರ್ಧದಲ್ಲಿ ಪವನ್ ಏನು ಮಾಡಿದ ಅಂತ ಇವತ್ತಿಗೂ ಕಣ್ಣು ಮುಚ್ಚಿದರೆ ಕಾಣುತ್ತೆ. 22 ರೈಡ್ ಅಂಕ, 38-33, ಕಪ್ ನಮ್ದು. ಈ ಕತೆಯನ್ನು ಎಲ್ಲರೂ ಪವನ್ ಕತೆ ಅಂತಲೇ ಹೇಳ್ತಾರೆ. ಅದೇ ಸೀಸನ್ನಿನಲ್ಲಿ ಕ್ಯಾಪ್ಟನ್ ರೋಹಿತ್ ಪಕ್ಕದಲ್ಲೇ ರೈಡ್ ಮಾಡ್ತಿದ್ದ, ಕಾಶಿಲಿಂಗ್ ಅಡಕೆ ಇದ್ದ ಅನ್ನೋದು ಮರೆತೇಹೋಗಿದೆ.

ಆಮೇಲಿನ ಅಂಕಿಗಳನ್ನು ಜೋಡಿಸಿ ನೋಡಿ. ಕಪ್ ಗೆದ್ದ ಸೀಸನ್ನಿನಲ್ಲಿ ಪವನ್‌ನದು 271 ರೈಡ್ ಅಂಕ. ಮುಂದಿನ 2019ರ ಸೀಸನ್ನಿನಲ್ಲಿ 346. ಅದರಲ್ಲಿ ಹರಿಯಾಣ ಸ್ಟೀಲರ್ಸ್ ಮೇಲೆ ಒಂದೇ ಪಂದ್ಯದಲ್ಲಿ 39! ಆದರೂ ದಬಂಗ್ ಡೆಲ್ಲಿ ಎದುರು ಸೆಮಿಫೈನಲ್ಲಿನಲ್ಲೇ ಗಾಡಿ ನಿಂತಿತು. ಎಂಟನೇ ಸೀಸನ್ನಿನಲ್ಲಿ 304, ಮತ್ತೆ ಸೆಮಿಫೈನಲ್, ಮತ್ತೆ ಅದೇ ಡೆಲ್ಲಿ. ಒಂಬತ್ತರಲ್ಲಿ ಪವನ್ ಇಲ್ಲ, ಭರತ್ ಅನ್ನೋ ಹುಡುಗ 279 ತಂದ, ಸೆಮಿಫೈನಲ್ಲಿನಲ್ಲಿ ಜೈಪುರ 49-29ರಲ್ಲಿ ಚಚ್ಚಿತು. ಒಬ್ಬನ ಖಾತೆ ತುಂಬುತ್ತಾ ಹೋಯಿತು, ತಂಡದ ಕಪಾಟು ಹಾಗೇ ಉಳಿಯಿತು.

ಪರ್ದೀಪ್ 2017ರಲ್ಲಿ ಪಾಟ್ನಾಗೆ 369 ಅಂಕ ತಂದು ಕಪ್ಪನ್ನೂ ತಂದನಲ್ಲ ಅಂತ ನೀವು ಕೇಳಬಹುದು. ನಿಜ. ಅವನ ಜೊತೆ ಮೋನು ಗೋಯತ್ ಇದ್ದ ಅನ್ನೋದನ್ನೂ ನೆನಪಿಡಿ.

ಎಂಟನೇ ಸೀಸನ್ ಅಂದೆನಲ್ಲ, ಅದರ ಸಂಕಟ ಬೇರೆಯೇ. ಕೋವಿಡ್ ಕಾರಣಕ್ಕೆ ಇಡೀ ಲೀಗು ನಡೆದದ್ದು ನಮ್ಮ ವೈಟ್‌ಫೀಲ್ಡಿನ ಒಂದು ಹೋಟೆಲಿನೊಳಗೆ. 2021ರ ಡಿಸೆಂಬರಿಂದ 2022ರ ಫೆಬ್ರವರಿವರೆಗೆ, ಪ್ರೇಕ್ಷಕರಿಲ್ಲದೆ. ಹೊಸಕೋಟೆಯಿಂದ ಕಾಡುಗೋಡಿ ರೋಡು ಹಿಡಿದರೆ ಬೈಕಲ್ಲಿ ಹೋಗಿ ಬರುವಷ್ಟು ದೂರ. ಪಕ್ಕದ ಊರಲ್ಲಿ ಜಾತ್ರೆ, ನಾವು ಮೊಬೈಲಲ್ಲಿ ತೇರು ನೋಡಿದ ಹಾಗೆ. ಅಲ್ಲಿನ ಫೈನಲ್ಲಿನಲ್ಲಿ ಒಂದೇ ಅಂಕದಿಂದ, 36-37ರಲ್ಲಿ ಸೋತ ಪಾಟ್ನಾ ತಂಡದ ಕ್ಯಾಪ್ಟನ್ ನಮ್ಮ ಕರಾವಳಿಯ ರೈಡರ್ ಪ್ರಶಾಂತ್ ಕುಮಾರ್ ರೈ. ಗುಜರಾತ್ ತಂಡ ಲೀಗಿಗೆ ಬಂದ ಮೊದಲ ವರ್ಷ ಅದರ ನಾಯಕನಾಗಿದ್ದ ಸುಕೇಶ್ ಹೆಗ್ಡೆಯೂ ಕನ್ನಡಿಗ, ರೈಡರ್. ಇನ್ನು ಹೆಣ್ಣುಮಕ್ಕಳ ವಿಷಯ ಯಾರೂ ಎತ್ತೋದೇ ಇಲ್ಲ. 2016ರಲ್ಲಿ ನಡೆದ ಮಹಿಳಾ ಕಬಡ್ಡಿ ಚಾಲೆಂಜಿನ ಫೈನಲ್ಲಿನಲ್ಲಿ ಎರಡೂ ಕಡೆ ಕ್ಯಾಪ್ಟನ್‌ಗಳು ನಮ್ಮವರೇ. ತೇಜಸ್ವಿನಿ ಬಾಯಿಯ ಸ್ಟಾರ್ಮ್ ಕ್ವೀನ್ಸ್ 24, ಮಮತಾ ಪೂಜಾರಿಯ ಫೈರ್ ಬರ್ಡ್ಸ್ 23. ರೈಡರ್‌ಗಳಿಗೆ ಈ ನಾಡಲ್ಲಿ ಬರ ಇರಲಿಲ್ಲ ಸ್ವಾಮಿ.

2022ರ ಹರಾಜಿನಲ್ಲಿ ಪವನ್‌ನನ್ನು ತಮಿಳ್ ತಲೈವಾಸ್ 2.26 ಕೋಟಿಗೆ ಹಾರಿಸಿಕೊಂಡು ಹೋಯಿತು. ನಮ್ಮ ಗ್ರೂಪಲ್ಲಿ ಸೂತಕ. ಆಮೇಲೆ ಆದದ್ದು ಇನ್ನೂ ವಿಚಿತ್ರ. ಆ ಸೀಸನ್ ಶುರುವಾದದ್ದು ಕಂಠೀರವದಲ್ಲೇ. ಬೇರೆ ಜೆರ್ಸಿ ತೊಟ್ಟ ಪವನ್ ಮೊದಲ ಪಂದ್ಯದಲ್ಲೇ, ನಮ್ಮ ಮ್ಯಾಟಿನ ಮೇಲೇ, ಮಂಡಿಗೆ ಪೆಟ್ಟು ಮಾಡಿಕೊಂಡು ಸೀಸನ್ನಿನಿಂದಲೇ ಹೊರಬಿದ್ದ. ತಲೈವಾಸ್ ಕತೆ ಮುಗೀತು ಅಂದುಕೊಂಡೆವು. ಮುಗಿಯಲಿಲ್ಲ. ನರೇಂದರ್, ಅಜಿಂಕ್ಯ ಪವಾರ್ ಇಬ್ಬರೂ ಸೇರಿ ರೈಡಿಂಗ್ ಹಂಚಿಕೊಂಡು, ಅಲ್ಲಿವರೆಗೆ ಪ್ಲೇಆಫನ್ನೇ ಕಾಣದ ತಂಡವನ್ನು ಸೆಮಿಫೈನಲ್ಲಿಗೆ ಕರೆದೊಯ್ದರು. ಪವನ್ ಇದ್ದಿದ್ದರೆ ಇವರಿಬ್ಬರಿಗೆ ಅಷ್ಟು ರೈಡ್ ಸಿಗುತ್ತಿತ್ತಾ? ನನಗೆ ಅನುಮಾನ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸಿದವರು ನಮ್ಮವರೇ ಆದ ಬಿ.ಸಿ. ರಮೇಶ್. 2001ರ ಅರ್ಜುನ ಪ್ರಶಸ್ತಿ ವಿಜೇತ. 2019ರಲ್ಲಿ ಬೆಂಗಾಲ್ ವಾರಿಯರ್ಸ್ ಕೋಚ್ ಆಗಿದ್ದರು. ಮುಖ್ಯ ರೈಡರ್, ಕ್ಯಾಪ್ಟನ್ ಮಣಿಂದರ್ ಸಿಂಗ್ ಗಾಯಗೊಂಡು ಫೈನಲ್ ಆಡಲಿಲ್ಲ. ಇರಾನಿನ ನಬಿಬಕ್ಷ್, ನಮ್ಮ ಸುಕೇಶ್ ಹೆಗ್ಡೆ ಇಂಥವರನ್ನು ಇಟ್ಟುಕೊಂಡೇ ಡೆಲ್ಲಿಯನ್ನು 39-34ರಲ್ಲಿ ಸೋಲಿಸಿದರು. 2024ರ ಮಾರ್ಚಿನಲ್ಲಿ ಪುಣೇರಿ ಪಲ್ಟನ್ನಿಗೆ ಕಪ್ ಗೆಲ್ಲಿಸಿಕೊಟ್ಟಾಗಲೂ ಅಷ್ಟೇ. ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ, ಮೂವರೂ ಹೆಗಲು ಕೊಟ್ಟರು. ಒಬ್ಬನನ್ನು ಕೂರಿಸಿದರೆ ಇನ್ನೊಬ್ಬ ಎದ್ದು ಬರೋನು. ಚಿಕ್ಕಪ್ಪನ ಹಳ್ಳಿ ಉಪಾಯ ಇಂಥ ತಂಡದ ಮುಂದೆ ನಡೆಯಲ್ಲ.

11ನೇ ಸೀಸನ್ನಿನ ಆ ಮಾರ್ಕ್ಸ್ ಕಾರ್ಡಿನ ನಂತರ, ಶುರುವಿನಿಂದ ಕೋಚ್ ಆಗಿದ್ದ ರಣಧೀರ್ ಸಿಂಗ್ ಸೆಹ್ರಾವತ್ ಜಾಗಕ್ಕೆ ರಮೇಶ್ ಬಂದರು. 2025ರ ಹರಾಜಿನಲ್ಲಿ ಪರ್ದೀಪ್‌ನನ್ನು ಯಾರೂ ಕೊಳ್ಳಲಿಲ್ಲ. 1801 ರೈಡ್ ಅಂಕಗಳೊಂದಿಗೆ ಆತ ನಿವೃತ್ತಿ ಹೇಳಿದ. ಬೇಜಾರಾಯಿತು, ಸುಳ್ಳು ಹೇಳಲ್ಲ. ಆ ವರ್ಷ ಬುಲ್ಸಿನಲ್ಲಿ ದೊಡ್ಡ ಹೆಸರೇ ಇರಲಿಲ್ಲ. ಶುರುವಿನಲ್ಲಿ ಸೋತಾಗ ಗ್ರೂಪಲ್ಲಿ ಮತ್ತೆ ಹಳೇ ರಾಗ: "ಸ್ಟಾರ್ ರೈಡರ್ ತಗೊಳೋಕೆ ಏನ್ ರೋಗ ಇವರಿಗೆ?" ಅಷ್ಟರಲ್ಲಿ ಇರಾನಿನ ಅಲಿರೆಜಾ ಮಿರ್ಜಾಯಿಯಾನ್ ಅನ್ನೋ ಹುಡುಗ ಅಂಕ ತರೋಕೆ ಶುರು ಮಾಡಿದ, ಆಶಿಶ್ ಮಲಿಕ್, ಆಕಾಶ್ ಶಿಂಧೆ ಕೈ ಜೋಡಿಸಿದರು, ಕೊನೇ ಸ್ಥಾನದ ತಂಡ ಪ್ಲೇಆಫ್ ತಲುಪಿತು. ಕಪ್ ಡೆಲ್ಲಿಗೆ ಹೋಯಿತು, ಅದು ಬೇರೆ ಮಾತು.

ಸೀಸನ್ ಮುಗಿದ ಮೇಲೆ ಊರಿಗೆ ಹೋದಾಗ ಚಿಕ್ಕಪ್ಪ ಕೇಳಿದ್ದು ರೈಡಿಂಗ್ ಬಗ್ಗೆ ಅಲ್ಲ. "ಕಂಠೀರವಕ್ಕೆ ಯಾವಾಗ್ಲಾ ಬತ್ತಾರಂತೆ?" ಅಂದರು. 11ನೇ ಸೀಸನ್ ಹೈದರಾಬಾದ್, ನೋಯ್ಡಾ, ಪುಣೆಯಲ್ಲಿ ನಡೆದಿತ್ತು, 12ನೆಯದು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಯಲ್ಲಿ. ಪಟ್ಟಿ ಒಪ್ಪಿಸಿದೆ. ಸ್ವಲ್ಪ ಹೊತ್ತು ಎಲೆ ಅಡಿಕೆ ಜಗಿದು, "ಚೆನ್ನೈ ಆದ್ರೆ ಹೊಸಕೋಟೇಲೇ ಬಸ್ ಹತ್ಬೋದಾಗಿತ್ತು, ಒಂದ್ ಮಾತು ಹೇಳೋದಲ್ವಾ" ಅಂದರು.