ಬಿಲ್ಲಿನ ಬೆಲೆ, ಬಿಲ್ಲಾಳಿನ ಬೆಲೆ: ದುರ್ಗದ ಸೀಮೆಯಿಂದ ಒಂದು ಚರಿತ್ರೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ನೆಲದಲ್ಲಿ ಕುರುಚಲು ಕಾಡಿನ ಗುಡ್ಡಗಳೂ ಅವುಗಳ ಮಡಿಲಿನ ಕೆರೆಗಳೂ ಕೆರೆಗಳ ಕೆಳಗಿನ ತೋಟಗಳೂ ಒಂದರ ಪಕ್ಕ ಒಂದಿರುವುದರಿಂದ, ಬೇಟೆ, ಬೆಳೆ ಹಾಗೂ ದನಗಳ ಕಾವಲು, ಕಾಳಗ ಎಂಬ ಮೂರು ಕೆಲಸಗಳಿಗೂ ಒದಗುವ ಆಯುಧವಾಗಿ ಬಿಲ್ಲು ಅಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಕೆರೆಗೂ ಅಡಿಕೆ ವ್ಯಾಪಾರಕ್ಕೂ ಹೆಸರಾದ ಭೀಮಸಮುದ್ರದಂಥ ಊರಿನಲ್ಲಿ ಇಂದು ಅನುಕೂಲಸ್ಥ ಕುಟುಂಬವೊಂದು ಮಕ್ಕಳಿಗಾಗಿ ತುದಿಗಳಲ್ಲಿ ಚಕ್ರಗಳಿರುವ ದುಬಾರಿ ಕಾಂಪೌಂಡ್ ಬಿಲ್ಲನ್ನು ಕೊಳ್ಳುವುದು ಲಾಭವೋ ನಷ್ಟವೋ ಎಂದು ಲೆಕ್ಕ ಹಾಕಿದರೆ, ಆ ಲೆಕ್ಕ ಹೊಸ ಕ್ರೀಡೆಯೊಂದಿಗೆ ಹುಟ್ಟಿದ್ದೆಂದು ತೋರಬಹುದು. ಆದರೆ ಹಣವನ್ನು ಆಯುಧಕ್ಕೆ ಸುರಿಯಬೇಕೋ, ಅದನ್ನು ಹಿಡಿಯುವ ಕೈಯನ್ನು ಪಳಗಿಸಲು ಸುರಿಯಬೇಕೋ ಎಂಬ ಪ್ರಶ್ನೆ ಈ ಸೀಮೆಯನ್ನು ಆಳಿದ ಅರಸರ ಮುಂದೆಯೂ ಇತ್ತು. ಅವರು ಕಂಡುಕೊಂಡ ಉತ್ತರಗಳು ಕಾಲಕಾಲಕ್ಕೆ ಬದಲಾದ ಬಗೆಯಲ್ಲಿಯೇ ಬಿಲ್ಲಿನ ಚರಿತ್ರೆ ಅಡಗಿದೆ.

ಬಿಲ್ಲಿಗೆ ಬೇಕಾದ ಸಾಮಗ್ರಿಯ ಹಳೆಯ ಪಟ್ಟಿಯೊಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಆಯುಧಾಗಾರದ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಅಧ್ಯಾಯದಲ್ಲಿದೆ. ತಾಳೆ, ಬಿದಿರು, ಮರ ಮತ್ತು ಕೊಂಬು ಎಂಬ ನಾಲ್ಕು ವಸ್ತುಗಳಿಂದ ಬಿಲ್ಲು ಮಾಡಬಹುದೆಂದೂ, ಹೆದೆಗೆ, ಅಂದರೆ ಬಿಲ್ಲಿನ ಎರಡು ತುದಿಗಳಿಗೆ ಬಿಗಿಯುವ ಹುರಿಗೆ, ಮೂರ್ವಾ ಎಂಬ ನಾರಿನ ಗಿಡ, ಎಕ್ಕ, ಸಣಬು, ಬಿದಿರು ಮತ್ತು ಪ್ರಾಣಿಗಳ ಸ್ನಾಯು ಮೊದಲಾದವು ತಕ್ಕವೆಂದೂ ಅಲ್ಲಿ ಹೇಳಿದೆ. ಈ ಪಟ್ಟಿಯ ಬಹುಪಾಲು ವಸ್ತುಗಳು ಹಳ್ಳಿಯ ಎಲ್ಲೆಯೊಳಗೇ ಸಿಗತಕ್ಕವು: ಎಕ್ಕ ಬಯಲುಸೀಮೆಯ ಹಾದಿಬದಿಯಲ್ಲೆಲ್ಲ ಬೆಳೆಯುತ್ತದೆ, ಸಣಬು ಹೊಲದ ಬೆಳೆ, ಬಾಣದ ಅಲಗನ್ನು ಬಡಿದುಕೊಡಲು ಊರ ಕಮ್ಮಾರನಿದ್ದ, ಗರಿಗೆ ಹಕ್ಕಿಗಳಿದ್ದವು. ಬಿದಿರಿನ ಬಿಲ್ಲು ಮುರಿದರೆ ಇನ್ನೊಂದನ್ನು ಮಾಡಿಕೊಳ್ಳುವುದು ಖರ್ಚಿನ ಮಾತಾಗಿರಲಿಲ್ಲ. ಕಾಲವೂ ಅನ್ನವೂ ವ್ಯಯವಾಗುತ್ತಿದ್ದುದು ಎಳವೆಯಿಂದ ಭುಜ, ಬೆನ್ನು ಮತ್ತು ಕಣ್ಣುಗಳನ್ನು ಪಳಗಿಸುವುದಕ್ಕೆ. ಆದ್ದರಿಂದ ಬಿಲ್ಲು ಅಗ್ಗವಾಗಿದ್ದ ಕಾಲದಲ್ಲಿಯೂ ಬಿಲ್ಲಾಳು ಅಗ್ಗವಾಗಿರಲಿಲ್ಲ.

ಈ ಪಳಗುವಿಕೆಯನ್ನು ಬದುಕಿನ ಭಾಗವಾಗಿಯೇ ಉಳಿಸಿಕೊಂಡು ಬಂದವರಲ್ಲಿ ಬೇಡ ಸಮುದಾಯ ಮುಖ್ಯವಾದುದು. ದುರ್ಗದ ಸೀಮೆಯ ಬೇಡರಲ್ಲಿ ಊರುಗಳಲ್ಲಿ ನೆಲೆನಿಂತ ಊರಬೇಡರು ಮತ್ತು ಅಡವಿಯ ಅಂಚಿನ ಹಟ್ಟಿಗಳಲ್ಲಿದ್ದು ದನ ಸಾಕುತ್ತ ಬಂದ ಮ್ಯಾಸಬೇಡರು ಎಂಬ ಎರಡು ಕವಲುಗಳಿವೆ. ಮ್ಯಾಸಬೇಡರು ಇಂದಿಗೂ ದೇವರ ಎತ್ತುಗಳನ್ನು ಸಾಕುತ್ತಾರೆ, ಗಾದ್ರಿಪಾಲನಾಯಕನಂಥ ಪಶುಪಾಲಕ ವೀರರನ್ನು ಪೂಜಿಸುತ್ತಾರೆ. ದನವೇ ಸಂಪತ್ತಾಗಿದ್ದ ನಾಡಿನಲ್ಲಿ ತುರುಗೊಳ್, ಅಂದರೆ ದನಗಳನ್ನು ಅಟ್ಟಿಕೊಂಡು ಹೋಗುವ ದಾಳಿ, ಮೇಲಿಂದ ಮೇಲೆ ನಡೆಯುತ್ತಿತ್ತು. ಅದನ್ನು ತಡೆಯಲು ಹೋಗಿ ಮಡಿದವರ ನೆನಪಿಗೆ ನಿಲ್ಲಿಸಿದ ಕರ್ನಾಟಕದ ಅನೇಕ ವೀರಗಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ವೀರರೂ ಬಾಣ ನೆಟ್ಟ ದೇಹಗಳೂ ಕಾಣಸಿಗುತ್ತವೆ. ಹೀಗೆ ದನ ಕಾಯುವ ಹುಡುಗನ ದಿನಚರಿಯೇ ಗುರಿಯ ಅಭ್ಯಾಸವೂ ಆಗಿದ್ದುದರಿಂದ, ಅರಸನೊಬ್ಬ ಬೇರೆಯಾಗಿ ವೆಚ್ಚ ಮಾಡದೆಯೇ ಬಿಲ್ಲಾಳುಗಳ ಒಂದು ಪಡೆ ಈ ಗುಡ್ಡಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ತಯಾರಾಗುತ್ತಿತ್ತು.

ಅರಮನೆಯಲ್ಲಿ ಬಿಲ್ಲಿಗೆ ಬೇರೆಯದೇ ಸ್ಥಾನವಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ರಾಜನ ವಿನೋದಗಳನ್ನು ವಿವರಿಸುವಾಗ ಶಸ್ತ್ರವಿನೋದವನ್ನೂ ಬೇಟೆಯನ್ನೂ ಸೇರಿಸಿಕೊಂಡಿದೆ. ಅಂದರೆ ಆ ವೇಳೆಗಾಗಲೇ ಬಿಲ್ಗಾರಿಕೆಯು ಯುದ್ಧದಿಂದ ಬೇರ್ಪಟ್ಟು, ನೋಡುವವರ ಮುಂದೆ ಕೌಶಲವನ್ನು ಮೆರೆಸುವ ಆಟವಾಗಿಯೂ ನಿಂತಿತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಕೃಷ್ಣದೇವರಾಯನ ಸೇನೆಯ ಮೆರವಣಿಗೆಯಲ್ಲಿ ಚಿನ್ನದ ತಗಡು ಹೊದಿಸಿದ ಬಿಲ್ಲುಗಳನ್ನು ಕಂಡುದಾಗಿ ಬರೆದಿದ್ದಾನೆ. ಚಿನ್ನದಿಂದ ಬಾಣದ ವೇಗ ಹೆಚ್ಚುವುದಿಲ್ಲ. ಅಲ್ಲಿ ವೆಚ್ಚವಾದುದು ಒಡೆಯನ ಅಂತಸ್ತನ್ನು ತೋರಿಸುವುದಕ್ಕೆ, ಮತ್ತು ಬಿಲ್ಲಿನ ಬೆಲೆಗೂ ಅದರ ಕೆಲಸಕ್ಕೂ ನಂಟಿಲ್ಲದೆ ಹೋಗುವ ಸಾಧ್ಯತೆ ಅಂದಿನಿಂದಲೇ ಇತ್ತೆಂಬುದಕ್ಕೆ ಅದೊಂದು ಸಾಕ್ಷ್ಯ.

ಬೆಲೆ ಹೆಚ್ಚಿದಂತೆ ಬಲವೂ ಹೆಚ್ಚುತ್ತಿದ್ದ ಬಿಲ್ಲು ಬೇರೊಂದಿತ್ತು. ಅದು ಮರದ ತಿರುಳಿನ ಒಳಮೈಗೆ ಕೊಂಬಿನ ಪಟ್ಟಿಯನ್ನೂ ಹೊರಮೈಗೆ ಸ್ನಾಯುವಿನ ಪದರವನ್ನೂ ಪ್ರಾಣಿಜನ್ಯ ಅಂಟಿನಿಂದ ಕೂಡಿಸಿ ಮಾಡಿದ ಬಿಲ್ಲು. ಕೊಂಬಿನ ಬಿಲ್ಲಿಗೆ ಕನ್ನಡ ಕಾವ್ಯಗಳಲ್ಲಿ ಸಿಂಗಾಡಿ ಎಂಬ ಹೆಸರಿದೆ. ಬಿಲ್ಲನ್ನು ಎಳೆದಾಗ ಕೊಂಬು ಒತ್ತಡವನ್ನೂ ಸ್ನಾಯು ಸೆಳೆತವನ್ನೂ ತಾಳಿಕೊಳ್ಳುವುದರಿಂದ, ಕುದುರೆಯ ಮೇಲೆ ಕುಳಿತು ಹಿಡಿಯಬಹುದಾದಷ್ಟು ಗಿಡ್ಡವಾಗಿದ್ದರೂ ಇದು ಉದ್ದನೆಯ ಬಿದಿರಿನ ಬಿಲ್ಲಿಗೆ ಸಮನಾಗಿ, ಎಷ್ಟೋ ಸಲ ಅದನ್ನು ಮೀರಿ, ಬಾಣವನ್ನು ಚಿಮ್ಮಿಸುತ್ತಿತ್ತು. ಆದರೆ ಪದರ ಪದರವಾಗಿ ಅಂಟಿಸಿ ಒಣಗಿಸುತ್ತ ಒಂದು ಬಿಲ್ಲನ್ನು ಮುಗಿಸಲು ಹಲವು ತಿಂಗಳು ಬೇಕಾಗುತ್ತಿತ್ತು. ಮಳೆಗಾಲದ ತೇವಕ್ಕೆ ಅಂಟು ಸಡಿಲಗೊಳ್ಳುವ ಭಯವೂ ಇತ್ತು. ಹಿಂದುಸ್ತಾನದ ಆಯುಧಾಗಾರಗಳಲ್ಲಿ ಮುಂದೆ ಉಕ್ಕಿನ ಬಿಲ್ಲುಗಳು ಕಾಣಿಸಿಕೊಂಡುದಕ್ಕೆ ಈ ತೇವದ ಕಾಟವೂ ಒಂದು ಕಾರಣ.

ಇಂಥ ಬಿಲ್ಲಿನ ಮುಂದೆ ವಿಜಯನಗರದ ಅರಸನೊಬ್ಬ ಎದುರಿಸಿದ ಸಂದಿಗ್ಧವನ್ನು, ಬಿಜಾಪುರದ ಆಸ್ಥಾನದಲ್ಲಿದ್ದು ಹದಿನೇಳನೆಯ ಶತಮಾನದ ಆರಂಭದಲ್ಲಿ ಚರಿತ್ರೆ ಬರೆದ ಫೆರಿಶ್ತಾ ದಾಖಲಿಸಿದ್ದಾನೆ. ಆತನ ಪ್ರಕಾರ, ಬಹಮನಿ ಸುಲ್ತಾನರ ಎದುರು ತನ್ನ ಸೇನೆ ಮತ್ತೆ ಮತ್ತೆ ಸೋಲುತ್ತಿದ್ದ ಕಾರಣವನ್ನು ಇಮ್ಮಡಿ ದೇವರಾಯನು (ಆಳ್ವಿಕೆ 1424–1446) ಮಂತ್ರಾಲೋಚನೆಯಲ್ಲಿ ಕೇಳಿದಾಗ, ಎದುರಾಳಿಗಳ ಕುದುರೆಗಳು ಹೆಚ್ಚು ಬಲವಾದವೆಂದೂ ಅವರ ಬಿಲ್ಲಾಳುಗಳು ಹೆಚ್ಚು ನುರಿತವರೆಂದೂ ಉತ್ತರ ಬಂದಿತು. ದೇವರಾಯನು ಬರಿಯ ಬಿಲ್ಲುಗಳನ್ನು ತರಿಸಿ ಸುಮ್ಮನಾಗಲಿಲ್ಲ. ಮುಸಲ್ಮಾನ ಬಿಲ್ಲಾಳುಗಳನ್ನು ಸೇವೆಗೆ ಸೇರಿಸಿಕೊಂಡು, ಅವರಿಗೆ ಜಹಗೀರುಗಳನ್ನು, ಅಂದರೆ ಸೇವೆಗೆ ಪ್ರತಿಯಾಗಿ ಅನುಭವಿಸುವ ಭೂಮಿಯ ಹುಟ್ಟುವಳಿಯನ್ನು, ಕೊಟ್ಟು, ಅವರಿಗಾಗಿ ರಾಜಧಾನಿಯಲ್ಲಿ ಮಸೀದಿಯನ್ನೂ ಕಟ್ಟಿಸಿ, ತನ್ನ ಸೈನಿಕರಿಗೆ ಅವರಿಂದ ಆ ವಿದ್ಯೆಯನ್ನು ಕಲಿಸಿದನು. ಕೊನೆಗೆ 2,000 ಮುಸಲ್ಮಾನ ಮತ್ತು 60,000 ಹಿಂದೂ ಬಿಲ್ಲಾಳುಗಳು ಅವನ ಬಳಿ ಸಿದ್ಧರಾದರೆಂದು ಫೆರಿಶ್ತಾ ಹೇಳುತ್ತಾನೆ. ಮಧ್ಯಕಾಲದ ಸೇನೆಗಳ ಸಂಖ್ಯೆಗಳನ್ನು ಎಚ್ಚರದಿಂದಲೇ ಸ್ವೀಕರಿಸಬೇಕಾದರೂ, ಈ ವೃತ್ತಾಂತದ ತಿರುಳು ಸ್ಪಷ್ಟವಾಗಿದೆ: ದೇವರಾಯನ ಬೊಕ್ಕಸದ ಹಣ ಮೊದಲು ಹರಿದದ್ದು ಗುರುಗಳ ಕಡೆಗೆ.

ಬಂದೂಕು ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಆರಂಭದ ಬತ್ತಿಕೋವಿ ಒಂದು ಗುಂಡು ಹಾರಿಸುವಷ್ಟರಲ್ಲಿ ನುರಿತ ಬಿಲ್ಲಾಳು ಹಲವು ಬಾಣಗಳನ್ನು ಬಿಡಬಲ್ಲವನಾಗಿದ್ದ. ಆದರೆ ಬಿಲ್ಲಾಳನ್ನು ತಯಾರಿಸಲು ವರ್ಷಗಳು ಬೇಕಾದರೆ ಕೋವಿ ಹಿಡಿಯುವವನನ್ನು ಕೆಲವೇ ವಾರಗಳಲ್ಲಿ ಸಜ್ಜುಗೊಳಿಸಬಹುದಿತ್ತು. ಕೋವಿ, ಸೀಸ, ಮತ್ತು ಪೆಟ್ಲುಪ್ಪು, ಗಂಧಕ, ಇದ್ದಿಲುಗಳನ್ನು ಬೆರೆಸಿದ ಮದ್ದು ಇವೆಲ್ಲ ದುಬಾರಿಯಾದರೂ, ಅಭ್ಯಾಸದ ವರ್ಷಗಳು ಉಳಿತಾಯವಾದುದರಿಂದ ಅರಸರು ಆ ಬೆಲೆಯನ್ನು ತೆತ್ತರು. ಸುರಪುರದ ಬೇಡ ನಾಯಕರ ವಾಗಿನಗೇರಿ ಕೋಟೆಯನ್ನು 1705ರಲ್ಲಿ ಔರಂಗಜೇಬನು ತಾನೇ ನಿಂತು ಮುತ್ತಿದಾಗ, ಮೊಗಲರನ್ನು ಕಾಡಿದ್ದು ಬೇಡರ ಬಂದೂಕಿನ ಗುರಿ. ಬಿಲ್ಲಿನಲ್ಲಿ ಪಳಗಿದ ಕಣ್ಣು ಅಷ್ಟರಲ್ಲಿ ಹೊಸ ಆಯುಧಕ್ಕೆ ಒಗ್ಗಿಹೋಗಿತ್ತು. ಚಿತ್ರದುರ್ಗದ ಕೋಟೆಯೊಳಗೆ ಇಂದಿಗೂ ಉಳಿದಿರುವ, ಮದ್ದು ಅರೆಯುತ್ತಿದ್ದ ಭಾರಿ ಬೀಸುವ ಕಲ್ಲುಗಳು ಅಲ್ಲಿನ ನಾಯಕರೂ ಇದೇ ದಾರಿ ಹಿಡಿದುದನ್ನು ತೋರಿಸುತ್ತವೆ. ಬಿಲ್ಲನ್ನು ಹಳ್ಳಿಯಲ್ಲಿ ಯಾರೂ ಮಾಡಿಕೊಳ್ಳಬಹುದಿತ್ತು, ಮದ್ದು ಮಾತ್ರ ಕೋಟೆಯಿಂದ ಬರಬೇಕಾಗಿತ್ತು. ಹೀಗೆ ಬೆಲೆಯ ಜೊತೆಗೆ ಪರಾವಲಂಬನೆಯೂ ಆಯುಧದೊಂದಿಗೆ ಬಂದಿತು. 1779ರಲ್ಲಿ ಹೈದರಾಲಿಯು ಕೊನೆಯ ಮದಕರಿ ನಾಯಕನಿಂದ ದುರ್ಗವನ್ನು ಕಿತ್ತುಕೊಂಡ ಮೇಲೆ, ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ ಅವರ ಹುಡುಗರನ್ನು ಚೇಲಾ ಎಂಬ ಪಡೆಗಳಾಗಿ ಕವಾಯತಿಗೆ ಹಚ್ಚಲಾಯಿತೆಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ತಂದೆಯಿಂದ ಮಗನಿಗೆ ಹರಿದುಬರುತ್ತಿದ್ದ ಅಭ್ಯಾಸಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇರಾವುದೂ ಇರಲಾರದು.

ಉಳಿದುದನ್ನು ಕಾನೂನು ಕಟ್ಟಿಹಾಕಿತು. 1857ರ ನಿಶ್ಶಸ್ತ್ರೀಕರಣ ಕಾಯಿದೆಯನ್ನು ಅನುಸರಿಸಿ ಆಯುಧಗಳನ್ನು ಒಪ್ಪಿಸಬೇಕೆಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ನಿರಾಕರಿಸಿದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಪಡೆ ಊರನ್ನು ಮುತ್ತಿ ಸುಟ್ಟಿತು, ಡಿಸೆಂಬರ್‌ನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. 1878ರ ಭಾರತೀಯ ಆಯುಧ ಕಾಯಿದೆಯು ಆಯುಧವೆಂದರೇನು ಎಂದು ವಿವರಿಸುವಾಗ ಬಂದೂಕು, ಕತ್ತಿ, ಈಟಿಗಳ ಸಾಲಿನಲ್ಲಿ ಬಿಲ್ಲುಬಾಣಗಳನ್ನೂ ಹೆಸರಿಸಿತು. ಸ್ವಾತಂತ್ರ್ಯಾನಂತರ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಯ ದಾರಿಯೂ ಮುಚ್ಚಿತು. ಒಂದು ಕಾಲಕ್ಕೆ ಬಿಲ್ಲಾಳುಗಳು ಓಡಾಡಿದ, ಚಿತ್ರದುರ್ಗದ ಬಳಿಯ ಜೋಗಿಮಟ್ಟಿ ಇಂದು ವನ್ಯಜೀವಿಧಾಮ. ಅಮೆರಿಕದಲ್ಲಿ ಕಾಂಪೌಂಡ್ ಬಿಲ್ಲನ್ನು ಕೊಳ್ಳುವವರಲ್ಲಿ ಬಹಳ ಮಂದಿ ಬೇಟೆಗಾರರು. ಬೇಟೆಯನ್ನು ಮನಸ್ಸಿನಲ್ಲಿಟ್ಟು ಅಲ್ಲಿ ಹೇಳುವ ಬಿಲ್ಲಿನ ಗುಣಾವಗುಣಗಳು, ಬೇಟೆಯೇ ನಿಂತುಹೋದ ಇಲ್ಲಿನ ಕೊಳ್ಳುವವನಿಗೆ ಅನ್ವಯಿಸುವುದೇ ಇಲ್ಲ.

ಕಾಕತಾಳೀಯವಾಗಿ ಅದೇ 1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಬಿಲ್ಲುಗಾರಿಕೆ ಮರುಪ್ರವೇಶ ಪಡೆಯಿತು, ಮರುವರ್ಷ ಭಾರತೀಯ ಆರ್ಚರಿ ಸಂಸ್ಥೆ ಸ್ಥಾಪನೆಯಾಯಿತು. ಬಿದಿರು ಅಥವಾ ಮರದ ಸಾದಾ ಬಿಲ್ಲಿನಿಂದ 30 ಮತ್ತು 50 ಮೀಟರ್ ದೂರದ ಗುರಿಗೆ ಹೊಡೆಯುವ ಇಂಡಿಯನ್ ರೌಂಡ್ ಎಂಬ ವಿಭಾಗವನ್ನು ದೇಶದೊಳಗಿನ ಸ್ಪರ್ಧೆಗಳಲ್ಲಿ ಇರಿಸಿಕೊಂಡುದರಿಂದ, ಹಣವಿಲ್ಲದ ಮನೆಯ ಹುಡುಗರಿಗೂ ಬಾಗಿಲು ತೆರೆದಿತ್ತು. ರಾಜಸ್ಥಾನದ ಆದಿವಾಸಿ ಕುಟುಂಬದ ಲಿಂಬಾ ರಾಮ್ ಬಾಲ್ಯದಲ್ಲಿ ಹಿಡಿದುದು ಬಿದಿರಿನ ಬಿಲ್ಲನ್ನೇ. 1987ರಲ್ಲಿ ಸರ್ಕಾರಿ ತರಬೇತಿಗೆ ಆಯ್ಕೆಯಾದ ಅವರು 1992ರಲ್ಲಿ 30 ಮೀಟರ್ ವಿಭಾಗದ ವಿಶ್ವದಾಖಲೆಯನ್ನು ಸರಿಗಟ್ಟಿದರು. ಅಭ್ಯಾಸದ ಬೇರು ಗಟ್ಟಿಯಾಗಿದ್ದರೆ ಉತ್ತಮ ಸಲಕರಣೆಯನ್ನು ಆಮೇಲೆ ಕೈಗಿಡಬಹುದೆಂಬುದಕ್ಕೆ ಅವರ ವೃತ್ತಾಂತ ಆಧಾರ.

ಕಾಂಪೌಂಡ್ ಬಿಲ್ಲು ಈ ಚರಿತ್ರೆಗೆ ಬಂದುದು ತೀರ ಇತ್ತೀಚೆಗೆ. ಅಮೆರಿಕದ ಮಿಸೌರಿ ರಾಜ್ಯದ ಹಾಲೆಸ್ ವಿಲ್ಬರ್ ಆಲನ್ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1969ರಲ್ಲಿ ಅದನ್ನು ಪಡೆದನು. ಅವನ ಉಪಾಯವಿದ್ದುದು ಬಿಲ್ಲಿನ ತುದಿಗಳಿಗೆ ಜೋಡಿಸಿದ ಚಕ್ರಗಳಲ್ಲಿ. ಇವು ಬಾವಿಯ ರಾಟೆಯಂತೆ ನಡುವಿನ ಅಚ್ಚಿನ ಮೇಲೆ ತಿರುಗದೆ, ಒಂದು ಬದಿಗೆ ಸರಿದ ಅಚ್ಚಿನ ಮೇಲೆ ತಿರುಗುತ್ತವೆ. ಸಾದಾ ಬಿಲ್ಲನ್ನು ಎಳೆದಷ್ಟೂ ಭಾರ ಏರುತ್ತ ಹೋಗಿ, ಗುರಿ ನೋಡುವ ಕ್ಷಣದಲ್ಲಿಯೇ ಅತ್ಯಧಿಕವಾಗಿರುತ್ತದೆ. ಕಾಂಪೌಂಡ್ ಬಿಲ್ಲಿನಲ್ಲಿ ಭಾರ ಮೊದಲು ಏರಿ, ಚಕ್ರಗಳು ತಿರುಗಿದ ಮೇಲೆ ಥಟ್ಟನೆ ಇಳಿಯುತ್ತದೆ. ಸ್ಪರ್ಧೆಯಲ್ಲಿ ಒಪ್ಪಿತವಾದ ಗರಿಷ್ಠ 60 ಪೌಂಡ್, ಅಂದರೆ ಸುಮಾರು 27 ಕಿಲೋ ಸೆಳೆತದ ಬಿಲ್ಲಿನಲ್ಲಿ ನೂರಕ್ಕೆ 75ರಷ್ಟು ಭಾರ ಇಳಿದರೆ, ಬಿಲ್ಲುಗಾರನು ಹಿಡಿದಿರಬೇಕಾದುದು ಸುಮಾರು 7 ಕಿಲೋ ಮಾತ್ರ. ಭೂತಗನ್ನಡಿಯ ಗುರಿಸೂಚಕ ಮತ್ತು ಬೆರಳಿಗೆ ಬದಲಾಗಿ ಹೆದೆಯನ್ನು ಬಿಡಿಸುವ ಯಾಂತ್ರಿಕ ಕೊಂಡಿಯೂ ಸೇರಿದಾಗ, ಹಿಂದೆ ಭುಜ ಮತ್ತು ಬೆರಳುಗಳು ವರ್ಷಗಟ್ಟಲೆ ಕಲಿಯುತ್ತಿದ್ದುದರ ಒಂದು ಪಾಲನ್ನು ಯಂತ್ರವೇ ವಹಿಸಿಕೊಳ್ಳುತ್ತದೆ. ಈ ಅರ್ಥದಲ್ಲಿ ಇದು ಬಿದಿರಿನ ಬಿಲ್ಲಿಗಿಂತ ಬತ್ತಿಕೋವಿಗೆ ಹತ್ತಿರದ ಬಂಧು.

ಹಾಗೆಂದು ಅಭ್ಯಾಸ ಬೇಡವಾಯಿತೆಂದಲ್ಲ. ಎಲ್ಲರ ಕೈಯಲ್ಲೂ ಅಂಥದೇ ಯಂತ್ರವಿರುವಾಗ ಗುರಿಯನ್ನೇ ಕಿರಿದುಗೊಳಿಸಲಾಗಿದೆ: ಕಾಂಪೌಂಡ್ ಸ್ಪರ್ಧಿಗಳು 50 ಮೀಟರ್ ದೂರದಿಂದ 80 ಸೆಂಟಿಮೀಟರ್ ಅಗಲದ ಫಲಕಕ್ಕೆ ಹೊಡೆಯಬೇಕು, ಗೆಲುವು ಸೋಲುಗಳು ಒಂದೆರಡು ಅಂಕಗಳಲ್ಲಿ ನಿರ್ಧಾರವಾಗುತ್ತವೆ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಐದೂ ಕಾಂಪೌಂಡ್ ಚಿನ್ನಗಳನ್ನು ಭಾರತ ಗೆದ್ದಿತು, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆಯನ್ನು ಸೇರಿಸಲಾಗಿದೆ. ಈ ಬಿಲ್ಲಿಗೆ ಹಣ ಹಾಕುವುದಕ್ಕೆ ಹಿಂದಿಲ್ಲದ ಕಾರಣಗಳು ಈಗಿವೆ.

ಆದರೂ ಉತ್ತಮ ದರ್ಜೆಯ ಬಿಲ್ಲು ಸಲಕರಣೆಗಳೊಂದಿಗೆ ಒಂದು ಲಕ್ಷ ರೂಪಾಯಿಯನ್ನು ಸುಲಭವಾಗಿ ದಾಟುವಾಗ, ಅದರ ಬೆನ್ನಿಗೆ ಬರುವ ವೆಚ್ಚಗಳನ್ನೂ ಸೇರಿಸಿಯೇ ಲೆಕ್ಕ ಮಾಡಬೇಕಾಗುತ್ತದೆ. ಎಳೆಯುವ ಉದ್ದ ಬಿಲ್ಲುಗಾರನ ತೋಳಿಗೆ ಸರಿಯಾಗಿ ಹೊಂದಬೇಕು, ಬೆಳೆಯುವ ಮಕ್ಕಳಲ್ಲಿ ಅದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಬಾಣದ ಬಾಗುವಿಕೆ ಬಿಲ್ಲಿನ ಬಲಕ್ಕೆ ತಕ್ಕಂತಿರಬೇಕು. ಹೆದೆಯೂ ತಂತಿಗಳೂ ಸವೆದಾಗ ಬಿಲ್ಲನ್ನು ಅದುಮಿ ಹಿಡಿಯುವ ವಿಶೇಷ ಯಂತ್ರವೂ ಅದನ್ನು ಬಲ್ಲವರೂ ಬೇಕು. ಬಾಣವಿಲ್ಲದೆ ಒಮ್ಮೆ ಹೆದೆ ಬಿಟ್ಟರೂ ಬಿಲ್ಲು ಕೆಡಬಹುದು. ಮದ್ದಿಗಾಗಿ ಕೋಟೆಯ ಕಡೆ ನೋಡುತ್ತಿದ್ದ ಕೋವಿಯಾಳಿನಂತೆ, ಇದರ ಒಡೆಯನೂ ಬಿಡಿಭಾಗಗಳಿಗೆ ದೂರದ ನಗರವನ್ನು ನೋಡಬೇಕಾಗುತ್ತದೆ.

ಈ ಚರಿತ್ರೆಯ ಬೆಳಕಿನಲ್ಲಿ ನೋಡಿದರೆ, ದುಬಾರಿ ಬಿಲ್ಲು ತನ್ನ ಬೆಲೆಗೆ ತಕ್ಕುದೇ ಎಂಬ ಪ್ರಶ್ನೆಗೆ ಬಿಲ್ಲಿನಲ್ಲಿ ಉತ್ತರವಿಲ್ಲ, ಅದರ ಸುತ್ತಲಿನ ಏರ್ಪಾಡಿನಲ್ಲಿದೆ. ವಾರದಲ್ಲಿ ಹಲವು ದಿನ ಹೊಡೆಯಲು ಸುರಕ್ಷಿತವಾದ ಬಯಲು, ತಪ್ಪನ್ನು ತಿದ್ದುವ ತರಬೇತುದಾರ, ದುರಸ್ತಿ ಬಲ್ಲ ಕೈ ಇವು ಮೂರೂ ಕೈಗೆಟಕುವ, ತೋಳಿನ ಬೆಳವಣಿಗೆ ನಿಂತ, ಸ್ಪರ್ಧೆಯ ಮಟ್ಟ ಮುಟ್ಟಿದ ಬಿಲ್ಲುಗಾರನಿಗೆ ಲಕ್ಷದ ಬಿಲ್ಲು ದುಬಾರಿಯಲ್ಲ, ಏಕೆಂದರೆ ಆ ಹಂತದಲ್ಲಿ ಒಂದು ಅಂಕದ ವ್ಯತ್ಯಾಸವನ್ನು ಅದು ನಿಜವಾಗಿಯೂ ತುಂಬಿಕೊಡಬಲ್ಲದು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಆ ಹಣ ಮೊದಲು ತರಬೇತಿಗೂ ಸಾದಾ ಬಿಲ್ಲಿಗೂ ಸಲ್ಲಬೇಕು. ಹಲವು ಮಕ್ಕಳು ಸರದಿಯಂತೆ ಬಳಸುವ ನಾಲ್ಕಾರು ಸಾದಾ ಬಿಲ್ಲುಗಳೂ ಒಬ್ಬ ಒಳ್ಳೆಯ ಗುರುವೂ ಇರುವ ಊರು, ಒಂದೇ ಮನೆಯಲ್ಲಿ ದುಬಾರಿ ಬಿಲ್ಲಿರುವ ಊರಿಗಿಂತ ಬೇಗ ಬಿಲ್ಲಾಳುಗಳನ್ನು ಕಾಣುತ್ತದೆ.