ವಿಹಾರ ನೌಕೆ: ಯಾವ ಪಾನೀಯ ಉಚಿತ, ಒಯ್ಯಬಹುದಾದದ್ದೆಷ್ಟು?

ಅಮೆರಿಕದಿಂದ ಹೊರಡುವ ಕಾರ್ನಿವಲ್ ಸಂಸ್ಥೆಯ ವಿಹಾರ ನೌಕೆಗಳಲ್ಲಿ ಊಟೋಪಚಾರವು ಪ್ರಯಾಣದರದಲ್ಲೇ ಸೇರಿದ್ದರೂ ಎಲ್ಲ ಪಾನೀಯಗಳೂ ಉಚಿತವಲ್ಲ. ಕುಡಿಯುವ ನೀರು, ಸಾಮಾನ್ಯ ಕಾಫಿ, ಚಹಾ, ಐಸ್ ಟೀ, ನಿಂಬೆ ಪಾನಕ ಹಾಗೂ ಬೆಳಗಿನ ಉಪಾಹಾರದ ವೇಳೆ ಹಣ್ಣಿನ ರಸ ಉಚಿತ. ತಂಪುಪಾನೀಯ, ಮದ್ಯ ಹಾಗೂ ಬಾಟಲಿ ನೀರಿನ ಬೆಲೆಯು ಪ್ರಯಾಣಿಕರ ಖಾತೆಗೆ ಸೇರುತ್ತದೆ.

ನೌಕೆಯೇರುವ ದಿನ 21 ವರ್ಷ ತುಂಬಿದ ಪ್ರತಿಯೊಬ್ಬರೂ ಮುಚ್ಚಳ ತೆರೆಯದ, 750 ಮಿಲಿಲೀಟರಿನ ಒಂದು ವೈನ್ ಅಥವಾ ಶಾಂಪೇನ್ ಬಾಟಲಿಯನ್ನು ಒಯ್ಯಬಹುದು. ಮದ್ಯರಹಿತ ಪಾನೀಯವಾದರೆ ತಲಾ 12 ಸಣ್ಣ ಕ್ಯಾನ್‌ಗಳಿಗೆ ಅವಕಾಶವಿದೆ. ಇವೆಲ್ಲವೂ ಕೈಚೀಲದಲ್ಲೇ ಇರತಕ್ಕದ್ದು. ನೀರಿನಂತೆ ಕಾಣುವ ಮದ್ಯವನ್ನು ಬಾಟಲಿಗಳಲ್ಲಿ ಅಡಗಿಸಿ ತರುವುದನ್ನು ತಡೆಯಲು 2015ರಲ್ಲಿ ನೀರಿನ ಬಾಟಲಿಗಳನ್ನೂ ನಿಷೇಧಿಸಲಾಯಿತು. ವಿಸ್ಕಿ, ಬಿಯರ್ ಪತ್ತೆಯಾದರೆ ವಶಪಡಿಸಿಕೊಳ್ಳಲಾಗುವುದು, ಪರಿಹಾರ ದೊರೆಯದು.