ಬಗ್ಯಾಸ್

ಮುಧೋಳ, ಜಮಖಂಡಿ, ಬೀಳಗಿ ಕಡೆ ಕಬ್ಬು ಅರೆದ ಮೇಲೆ ಉಳಿಯುವುದು ಸಿಪ್ಪೆ. ಗಾಣದಲ್ಲಿ ಅದನ್ನು ಬಿಸಿಲಿಗೆ ಹರವಿ, ಗರಿಗರಿ ಒಣಗಿಸಿ, ಬೆಲ್ಲದ ಕಡಾಯಿಯ ಕೆಳಗಿನ ಒಲೆಗೆ ತುರುಕುತ್ತಾರೆ. ಹೊಲದಲ್ಲಿ ಉಳಿಯುವ ಒಣ ಎಲೆ ಬೇರೆ, ಅದಕ್ಕೆ ರವದಿ ಎಂಬ ಹೆಸರಿದೆ. ಅದೇ ಸಿಪ್ಪೆ ಸಕ್ಕರೆ ಕಾರ್ಖಾನೆಯ ಗೇಟಿನೊಳಗೆ ‘ಬಗ್ಯಾಸ್’ ಆಗುತ್ತದೆ.

ಮಾತು ಬಂದದ್ದು ಫ್ರೆಂಚಿನಿಂದ, ಅದಕ್ಕೂ ಹಿಂದೆ ಸ್ಪ್ಯಾನಿಷಿನ ‘ಬಗಾಸೊ’ದಿಂದ. ಮೊದಲು ಅದು ಎಣ್ಣೆ ತೆಗೆದ ಆಲಿವ್ ಕಾಯಿಯ ಹಿಂಡಿಗೆ ಸಲ್ಲುತ್ತಿತ್ತು. ಕಬ್ಬಿಗೆ ಅಂಟಿಕೊಂಡದ್ದು ಆಮೇಲೆ.

ಒಂದು ಟನ್ ಕಬ್ಬಿಗೆ ಸುಮಾರು 250ರಿಂದ 300 ಕೆ.ಜಿ. ಬಗ್ಯಾಸ್ ಸಿಗುತ್ತದೆ. ಮಿಲ್ಲಿನಿಂದ ಹೊರಬೀಳುವಾಗ ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಉರಿಯ ಒಂದು ಪಾಲು ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಆದರೂ ಬಾಯ್ಲರ್ ನಡೆಯುತ್ತದೆ: ಹಬೆ ಮೊದಲು ಟರ್ಬೈನ್ ತಿರುಗಿಸಿ ವಿದ್ಯುತ್ ಕೊಡುತ್ತದೆ, ಆಮೇಲೆ ಅದೇ ಹಬೆ ಕಬ್ಬಿನ ಹಾಲನ್ನು ಕುದಿಸುತ್ತದೆ. ಒಂದೇ ಉರಿಗೆ ಎರಡು ಕೆಲಸ ಇರುವುದರಿಂದಲೇ ‘ಸಹವಿದ್ಯುತ್’ ಎನ್ನುವುದು. ಮಹಾಲಿಂಗಪುರ ಬಳಿಯ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲೂ ಇದೇ ಪದ್ಧತಿ.

ನನಗೆ ಮಾತ್ರ ‘ಸಿಪ್ಪೆ’ಯೇ ಸಾಕು ಅನಿಸುತ್ತದೆ. ‘ಸಿಪ್ಪೆ ವಿದ್ಯುತ್’ ಎಂದರೆ ಕಬ್ಬು ಬೆಳೆದ ರೈತನಿಗೆ ತನ್ನ ಬೆಳೆಯಿಂದ ಏನು ಹುಟ್ಟಿತು ಎಂಬುದು ತಟ್ಟನೆ ತಿಳಿಯುತ್ತದೆ.